ಬೇಲಿ ಭಾವನ ಬೆರಳಳತೆ

ಡಬ್ಬಿಯ ಮುಚ್ಚಳ ಮಾಡುವ ಆ ಕಾರ್ಖಾನೆಯಲ್ಲಿ ಅವನ ನಿಜವಾದ ಹೆಸರು ಗೊತ್ತಿದ್ದದ್ದು ಹಾಜರಿ ಪುಸ್ತಕಕ್ಕೆ ಮಾತ್ರ. ಮಿಕ್ಕವರಿಗೆಲ್ಲ ಅವನು ಬೇಲಿ. ತಿರುಗುವ ಗಾಲಿ, ಓಡುವ ಬೆಲ್ಟು, ಮೇಲಿಂದ ಬೀಳುವ ಅಚ್ಚು, ಹೀಗೆ ಮನುಷ್ಯನ ಮೈಗೆ ಬಾಯಿ ಹಾಕಬಲ್ಲದ್ದು ಏನು ಕಣ್ಣಿಗೆ ಬಿದ್ದರೂ ಅದಕ್ಕೊಂದು ಕಬ್ಬಿಣದ ಬೇಲಿ ಕಟ್ಟುವವರೆಗೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ ಎನ್ನುತ್ತಿದ್ದ. ಅವನ ಮೈ ನೋಡಿದವರು ಈ ಮಾತನ್ನು ನಂಬುತ್ತಿರಲಿಲ್ಲ. ಊಟದ ಹೊತ್ತಿನಲ್ಲಿ ಪಕ್ಕದವರ ಡಬ್ಬಿಯ ಕಡೆ ಕೈ ಚಾಚಿದರೆ ಸಾಕು, ಬೇಲಿಯೇ ಎದ್ದು ಹೊಲ ಮೇಯಲು ಹೊರಟಿತು ಎಂದು ಸಾಲಿಡೀ ನಗುತ್ತಿತ್ತು. ಅವನೂ ನಗುತ್ತಿದ್ದ. ಆದರೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

ಈ ಹುಚ್ಚು ಹತ್ತಿದ್ದು ಒಂದು ಅಂಗಿಯ ದೆಸೆಯಿಂದ. ಇಪ್ಪತ್ತೆರಡರ ಹರೆಯದಲ್ಲಿ, ಬೇರೊಂದು ಕಾರ್ಖಾನೆಯಲ್ಲಿ, ಓಡುತ್ತಿದ್ದ ಬೆಲ್ಟಿನ ಪಕ್ಕ ಬಗ್ಗಿ ಎಣ್ಣೆ ಬಿಡುತ್ತಿದ್ದಾಗ ಬೆಲ್ಟು ಅವನ ಅಂಗಿಯ ತೋಳನ್ನು ಕಚ್ಚಿತು. ಎಳೆದ ರಭಸಕ್ಕೆ ಅಂಗಿ ಬೆನ್ನುದ್ದ ಹರಿದು ಗಾಲಿಗೆ ಸುತ್ತಿಕೊಂಡಿತು. ಕೊರಳಲ್ಲಿ ಕಾಲರೂ ಎರಡು ಗುಂಡಿಗಳೂ ಉಳಿದವು, ಕೆಳಗೆ ಅವನೂ ಉಳಿದ. ಆ ಅಂಗಿಯನ್ನು ಮೊದಲು ಅಪ್ಪ, ಆಮೇಲೆ ಅಣ್ಣ ತೊಟ್ಟು ಸವೆಸಿದ್ದರು. ಹೊಸ ಬಟ್ಟೆಯಾಗಿದ್ದರೆ ಹರಿಯುತ್ತಿರಲಿಲ್ಲ, ತೋಳನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಿತ್ತು. ಗಟ್ಟಿ ಮಾಲು ಕೊಂಡವನೇ ಜಾಣ ಎಂದು ಅಂಗಡಿಬೀದಿ ಹೇಳುತ್ತದೆ. ಆ ಮಾತು ನೆಲಕಚ್ಚಿದ ಅಪರೂಪದ ಸಂದರ್ಭಗಳಲ್ಲಿ ಇದೂ ಒಂದು. ಮಾರನೆಯ ದಿನ ಅವನು ಮೊದಲು ಮಾಡಿದ ಕೆಲಸ ಆ ಬೆಲ್ಟಿಗೆ ತಂತಿಯ ಬಲೆ ಬಿಗಿದದ್ದು. ಅಂದಿನಿಂದ ಕೈ ನಿಂತಿರಲಿಲ್ಲ.

ಮನೆಯನ್ನೂ ಬಿಟ್ಟಿರಲಿಲ್ಲ. ಮೇಜಿನ ಫ್ಯಾನಿಗೆ ಕಂಪನಿಯವರು ಕೊಟ್ಟ ಜಾಲರಿ ಸಾಲದೆಂದು ಇನ್ನೊಂದು ಹೊದಿಸಿದ್ದ. ಅದರೊಳಗಿಂದ ಗಾಳಿ ಬರುವುದು ಸರ್ಕಾರಿ ಕಚೇರಿಯಿಂದ ಕಾಗದ ಬಂದಂತೆ, ಬಂದರೆ ಬಂತು. ಹೊಲಿಗೆಯಂತ್ರದ ಸೂಜಿಗೆ ಅವನು ಕಟ್ಟಿದ ಬೇಲಿಯಿಂದಾಗಿ ಸೂಜಿಯೂ ಕಾಣುತ್ತಿರಲಿಲ್ಲ, ಬಟ್ಟೆಯೂ ಕಾಣುತ್ತಿರಲಿಲ್ಲ. ಹೆಂಡತಿ ಹೊಲಿದ ದಿಂಬಿನ ಚೀಲಗಳೆಲ್ಲ ಒಂದು ಕಡೆ ವಾಲಿಕೊಂಡಿರುತ್ತಿದ್ದವು. ಅವಳು ಯಾರ ಮುಂದೆಯೂ ಅವನನ್ನು ದೂರುತ್ತಿರಲಿಲ್ಲ. ನೆಂಟರು ಬಂದಾಗ ಒಂದು ದಿಂಬನ್ನು ತಂದು ಎದುರಿಗಿಟ್ಟು ಸುಮ್ಮನಿರುತ್ತಿದ್ದಳು.

ಹೆಂಡತಿಯ ತಂಗಿಯೂ ಅದೇ ಮನೆಯಲ್ಲಿದ್ದಳು, ಅದೇ ಕಾರ್ಖಾನೆಗೆ ಹೋಗುತ್ತಿದ್ದಳು. ಈ ನಾದಿನಿಯದು ಒಂದನೇ ನಂಬರಿನ ಪ್ರೆಸ್ಸು. ಕೈಯಿಂದ ತಗಡಿನ ಪಟ್ಟಿಯನ್ನು ಪಕ್ಕದಿಂದ ಮುಂದಕ್ಕೆ ತಳ್ಳಬೇಕು, ಕಾಲಿನಿಂದ ಪೆಡಲ್ ಒತ್ತಬೇಕು. ಮೇಲಿನ ಅಚ್ಚು ದಬ್ ಎಂದು ಇಳಿದು ತಗಡನ್ನು ಕತ್ತರಿಸಿ ಮುಚ್ಚಳ ಮಾಡಿ ಹಿಂದಕ್ಕೆ ಬೀಳಿಸುತ್ತದೆ. ಮುಲಾಮಿನ ಡಬ್ಬಿಗೆ ಹಾಕುವ ಪುಟ್ಟ ಮುಚ್ಚಳ. ಕೆಲವೊಮ್ಮೆ ಅದು ಕೆಳಗಿನ ಅಚ್ಚಿನಲ್ಲೇ ಕಚ್ಚಿಕೊಂಡು ಕೂತುಬಿಡುತ್ತದೆ. ಆಗ ಅದನ್ನು ಎಬ್ಬಿಸಬೇಕು. ಅಂಥ ಹತ್ತು ಪ್ರೆಸ್ಸುಗಳಿದ್ದವು. ಎಲ್ಲ ಕಡೆಯೂ ಎಬ್ಬಿಸುತ್ತಿದ್ದದ್ದು ಬೆರಳಿನಿಂದಲೇ.

ಬೇಲಿ ಎರಡು ವರ್ಷ ಯಜಮಾನರ ಹಿಂದೆ ಬಿದ್ದು ಒಂದನೇ ನಂಬರಿನ ಪ್ರೆಸ್ಸಿಗೆ ಬೇಲಿ ಹಾಕಲು ಒಪ್ಪಿಗೆ ಪಡೆದಿದ್ದ. ಉದ್ದುದ್ದ ಸರಳುಗಳ ಬೇಲಿ, ನಡುವೆ ಪುಟ್ಟ ಬಾಗಿಲು, ಬಾಗಿಲಿಗೆ ಬೀಗ, ಬೀಗದ ಕೈ ಅವನ ಜೇಬಿನಲ್ಲಿ. ಸರಳುಗಳ ನಡುವಿನ ಸಂದು ಎಷ್ಟಿರಬೇಕು ಎನ್ನುವುದಕ್ಕೆ ಅವನ ಬಳಿ ಹಳೆಯ, ಯಾರೂ ಪ್ರಶ್ನಿಸದ ಅಳತೆಯಿತ್ತು. ತನ್ನ ತೋರುಬೆರಳನ್ನು ತೂರಿಸಿ ನೋಡುವುದು. ಹೋಗದಿದ್ದರೆ ಬೇಲಿ ಭದ್ರ. ಆ ಬೆರಳು ಮಾಗಿದ ಬಾಳೆಹಣ್ಣಿನ ಹಾಗಿತ್ತು ಎನ್ನುವುದನ್ನು ಅಳತೆ ತೆಗೆಯುವಾಗ ಅವನೂ ಯೋಚಿಸಲಿಲ್ಲ, ನೋಡುತ್ತ ನಿಂತವರೂ ಯೋಚಿಸಲಿಲ್ಲ. ತನ್ನ ಸೇರಿನಲ್ಲೇ ಊರನ್ನೆಲ್ಲ ಅಳೆಯುವ ವ್ಯಾಪಾರಿಗೆ ಅದು ತನ್ನ ಸೇರು ಎಂಬುದೇ ಮರೆತುಹೋಗಿರುತ್ತದೆ.

ಬೇಲಿ ಹಾಕಿದರೆ ಕೆಲಸ ಕುಂಟುತ್ತದೆ ಎಂದು ಯಜಮಾನರು ಮೊದಲೇ ಹೇಳಿದ್ದರು. ತಿಂಗಳ ಕೊನೆಗೆ ನೋಡಿದರೆ ಹತ್ತು ಪ್ರೆಸ್ಸುಗಳಲ್ಲಿ ಅತಿ ಹೆಚ್ಚು ಮುಚ್ಚಳ ಹೊಡೆದವಳು ಬೇಲಿಯ ಮುಂದೆ ಕೂತ ನಾದಿನಿಯೇ. ಬೇಲಿಯ ಎದೆ ಅಂಗಿಯ ಗುಂಡಿಗಳಿಗೆ ಭಾರವಾಯಿತು. ಕಂಡಕಂಡವರನ್ನು ನಿಲ್ಲಿಸಿ, ಬೇಲಿ ಇದ್ದರೆ ಮನಸ್ಸಿಗೆ ಧೈರ್ಯ, ಧೈರ್ಯವಿದ್ದರೆ ಕೈ ಚುರುಕು ಎಂಬ ತತ್ವವನ್ನು ಬೋಧಿಸಿದ. ತತ್ವ ಎಷ್ಟು ಚೆನ್ನಾಗಿತ್ತೆಂದರೆ ಯಜಮಾನರು ಅದನ್ನು ತಮ್ಮದೇ ಎನ್ನುವಂತೆ ಹೇಳತೊಡಗಿದರು. ಮಿಕ್ಕ ಒಂಬತ್ತಕ್ಕೂ ಅದೇ ಅಳತೆಯ ಬೇಲಿ ಮಾಡು ಎಂದರು. ಸೋಮವಾರ ದೊಡ್ಡ ಖರೀದಿದಾರರು ಕಾರ್ಖಾನೆ ನೋಡಲು ಬರುವವರಿದ್ದರು, ಅಷ್ಟರಲ್ಲಿ ಹತ್ತೂ ನಿಂತಿರಬೇಕು. ಬುಧವಾರದ ಹೊತ್ತಿಗೆ ಒಂಬತ್ತು ಬೇಲಿಗಳೂ ಬೆಸುಗೆಯಾಗಿ ಗೋಡೆಗೆ ಒರಗಿದ್ದವು. ಬಂದವರ ಕಣ್ಣಿಗೆ ಚೆಂದ ಕಾಣಲಿ ಎಂದು ಯಜಮಾನರು ಒಂದನೇ ನಂಬರಿನ ಬೇಲಿಗೆ ಗುರುವಾರ ಬೆಳಿಗ್ಗೆ ಹಸಿರು ಬಣ್ಣ ಬಳಿಸಿದರು. ಬಣ್ಣ ಒಣಗುವ ಮೊದಲೇ ಪ್ರೆಸ್ಸು ಶುರುವಾಯಿತು.

ಆ ಸಂಜೆ ನಾದಿನಿ ಅವನಿಗೆ ನೀರಿನ ಲೋಟ ಕೊಟ್ಟಳು. ಅವಳ ಎರಡು ಬೆರಳುಗಳ ಗೆಣ್ಣಿನ ಮೇಲೆ ಹಸಿರು ಗೆರೆ. ಸೊಪ್ಪು ಸೋಸಿದೆಯಾ ಎಂದು ಕೇಳಿದ. ಹೂಂ ಎಂದಳು. ಅವಳು ಅಡುಗೆಮನೆಯ ಕಡೆ ತಲೆ ಹಾಕಿ ಮೂರು ದಿನವಾಯಿತು, ಮನೆಯಲ್ಲಿ ಸೊಪ್ಪೂ ಇಲ್ಲ ಎಂದು ಒಳಗಿನಿಂದ ಅಕ್ಕನ ಸಾಕ್ಷಿ ಬಂತು. ಬೇಲಿ ಲೋಟವನ್ನು ಕೆಳಗಿಟ್ಟು ನಾದಿನಿಯ ಕೈ ಹಿಡಿದು ಮೂಸಿದ. ಟರ್ಪೆಂಟೈನ್ ವಾಸನೆ, ಬೆಳಿಗ್ಗೆ ಬಳಿದ ಬಣ್ಣದ್ದು.

"ಎಷ್ಟು ದಿನದಿಂದ ನಡೀತಿದೆ ಇದು?"

"ನೀವು ಬೇಲಿ ಹಾಕಿದ ಮಾರನೇ ದಿನದಿಂದ."

"ಬೀಗ ಹಾಕಿದೀನಲ್ಲ."

"ಅದಕ್ಕೇ ಮತ್ತೆ. ಮುಚ್ಚಳ ಸಿಕ್ಕಿಕೊಂಡ್ರೆ ಬೀಗ ತೆಗೀಬೇಕು, ಬೀಗದ ಕೈ ನಿಮ್ಮ ಜೇಬಲ್ಲಿ, ಜೇಬು ಎಲ್ಲಿದೆ ಅಂತ ಯಾರಿಗೆ ಗೊತ್ತು? ಮೊದಲನೇ ದಿನ ನೀವು ಮಾಡಿನ ಮೇಲೆ ಹತ್ತಿ ಕೂತಿದ್ರಿ. ಇಳಿದು ಬರೋಷ್ಟರಲ್ಲಿ ಪಕ್ಕದವಳು ನೂರು ಮುಚ್ಚಳ ಹೊಡೆದಿದ್ಲು. ಸರಳಿನ ಸಂದಲ್ಲಿ ಬೆರಳು ಹೋಗ್ತಿತ್ತು ಭಾವ. ಹಾಕಿದೆ."

"ಆಗ ಕಾಲು ಎಲ್ಲಿರುತ್ತೆ?"

"ಪೆಡಲಿಂದ ತೆಗೆದಿರ್ತೀನಿ."

"ಯಾವಾಗ್ಲೂ?"

ನಾದಿನಿ ತನ್ನ ಕಾಲಿನ ಕಡೆ ನೋಡಿಕೊಂಡಳು, ಅದನ್ನೇ ಕೇಳಿ ಹೇಳುವವಳಂತೆ. "ಬಹಳಷ್ಟು ಸಲ," ಎಂದಳು.

ಬೇಲಿಗೆ ಆ ರಾತ್ರಿಯ ಊಟ ನಿಜವಾಗಿಯೂ ಮೈಗೆ ಹತ್ತಲಿಲ್ಲ. ಹೆಂಡತಿ ಅವನ ತೋರುಬೆರಳನ್ನು ಎತ್ತಿ ದೀಪಕ್ಕೆ ಹಿಡಿದು ನೋಡಿದಳು. "ಇದನ್ನ ಇಟ್ಕೊಂಡು ಅಳತೆ ಮಾಡಿದ್ರಾ? ಇದು ಹೋಗದ ಸಂದಲ್ಲಿ ನಮ್ಮನೆ ಬೆಕ್ಕು ಹೋಗುತ್ತೆ ರೀ. ಸಂಸಾರ ಸಮೇತ ಹೋಗುತ್ತೆ." ಆಮೇಲೆ ನಗು ಬಿಟ್ಟು, ತಂಗಿಗೆ ಕೇಳಿಸದ ಹಾಗೆ ಹೇಳಿದಳು. "ಅವಳ ಒಂದು ಬೆರಳಿಗೆ ಏನಾದ್ರೂ ಆದ್ರೆ, ಬೇಲಿ ಇರಲಿಲ್ಲ ಅಂತ ಹೇಳೋಕೂ ಆಗಲ್ಲ ನಿಮಗೆ."

ಕಷ್ಟ ಅಲ್ಲಿಗೇ ಮುಗಿಯುತ್ತಿರಲಿಲ್ಲ. ಯಜಮಾನರು ಬೇಲಿಯನ್ನು ಮೆಚ್ಚಿದ್ದೇ ನಾದಿನಿ ಹೊಡೆದ ಮುಚ್ಚಳಗಳನ್ನು ನೋಡಿ. ನಿಜ ಹೇಳಿದರೆ, ನೋಡಿದೆಯಾ ಕೆಲಸ ಕುಂಟುತ್ತದೆ ಎಂದು ನಾನು ಆಗಲೇ ಹೇಳಿರಲಿಲ್ಲವೇ ಎಂದು ಹತ್ತು ಬೇಲಿಗಳನ್ನೂ ಗುಜರಿಗೆ ಹಾಕಿಸಬಹುದು. ಹೇಳದಿದ್ದರೆ ಸೋಮವಾರದಿಂದ ಹತ್ತು ಪ್ರೆಸ್ಸಿನ ಮುಂದೆ ಹೆಂಗಸರು ಬೇಲಿಯನ್ನು ನಂಬಿ ಬೆರಳು ತೂರಿಸುತ್ತಾರೆ. ಬೇಲಿ ಇಲ್ಲದ ಕಡೆ ಭಯವಾದರೂ ಕಾವಲಿರುತ್ತದೆ. ಸುಳ್ಳು ಬೇಲಿ ಆ ಭಯವನ್ನೂ ಮನೆಗೆ ಕಳಿಸಿಬಿಡುತ್ತದೆ.

ಶುಕ್ರವಾರ ಬೆಳಿಗ್ಗೆ ಅವನು ಬೀದಿಯ ಅಕ್ಕಸಾಲಿಯ ಬಳಿ ಹೋಗಿ ಉಂಗುರದ ಅಳತೆಯ ಬಳೆಗೊಂಚಲನ್ನು ಎರವಲು ತಂದ. ಒಂದಕ್ಕಿಂತ ಒಂದು ಚಿಕ್ಕದಾದ, ಬೆರಳಿಗಷ್ಟೇ ಹಿಡಿಸುವ ಬಳೆಗಳನ್ನು ಸರದಲ್ಲಿ ಪೋಣಿಸಿತ್ತು. ಅಕ್ಕಸಾಲಿ ಮೂವತ್ತು ವರ್ಷದ ವ್ಯಾಪಾರದ ಕಣ್ಣಿನಿಂದ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮನೆಯವರಿಗಾ ಎಂದು ಕೇಳಿದ. ಮೂವತ್ತು ಜನಕ್ಕೆ ಎಂದ ಬೇಲಿ. ಅಕ್ಕಸಾಲಿ ಮುಂದೆ ಏನೂ ಕೇಳಲಿಲ್ಲ. ಒಳ್ಳೆಯ ಗಿರಾಕಿಯ ಗುಟ್ಟು ಕೆದಕಬಾರದು.

ಪ್ರೆಸ್ಸಿನ ಸಾಲಿನಲ್ಲಿ ಹೊಡೆಯುವವರು, ಮುಚ್ಚಳ ಆಯುವವರು, ಬದಲಿಗೆ ಕೂರುವವರು ಎಲ್ಲ ಸೇರಿ ಮೂವತ್ತು ಹೆಂಗಸರು. ಒಬ್ಬೊಬ್ಬಳ ಬೆರಳಿಗೂ ಬಳೆ ತೊಡಿಸಿ ಚೀಟಿಯಲ್ಲಿ ಬರೆದುಕೊಂಡ. ಯಾಕೆಂದು ಹೇಳಲಿಲ್ಲ. ಯಜಮಾನರಿಗೆ ಹೇಳುವ ಮೊದಲು ಸಾಲಿಗೆ ಹೇಳಿದರೆ ಅದು ಯಜಮಾನರಿಗೆ ಬೇರೆ ರೂಪದಲ್ಲಿ ತಲುಪುತ್ತದೆ ಎಂಬ ಎಚ್ಚರ. ಹೇಳದ್ದಕ್ಕೆ ಸಾಲೇ ಕಾರಣ ಹುಡುಕಿಕೊಂಡಿತು. ಹತ್ತು ಗಂಟೆಗೆ ಬೇಲಿ ಯಾರಿಗೋ ಉಂಗುರ ಮಾಡಿಸುತ್ತಿದ್ದಾನೆ, ಯಾರಿಗೆಂದು ತಿಳಿಯದಿರಲಿ ಎಂದು ಎಲ್ಲರ ಅಳತೆ ತೆಗೆಯುತ್ತಿದ್ದಾನೆ ಎಂದಾಯಿತು. ಊಟದ ಹೊತ್ತಿಗೆ ಖರೀದಿದಾರರು ಎಲ್ಲರಿಗೂ ಉಂಗುರ ಕೊಡುತ್ತಾರೆ ಎಂದಾಯಿತು. ಅಲ್ಲಿಂದ ಮುಂದೆ ಹಲವರು ತಾವಾಗಿಯೇ ಬಂದು ಬೆರಳೊಡ್ಡಿದರು. ಕೆಲವರು ಸ್ವಲ್ಪ ಸಡಿಲವಾಗಿ ಬರೆದುಕೋ, ಕೈ ಊದಿಕೊಳ್ಳುತ್ತದೆ ಎಂದೂ ಹೇಳಿದರು. ಸಂಜೆ ಮೂವರು ಹೆಂಗಸರು ಅವನ ಮನೆಗೆ ಹೋಗಿ ಹೆಂಡತಿಗೆ ಮೊದಲನೆಯ ಸುದ್ದಿಯನ್ನು ಕಣ್ಣೀರಿನ ಸಮೇತ ಮುಟ್ಟಿಸಿದರು. ಎಲ್ಲ ಗೊತ್ತಿದ್ದ ಅವಳು ಕೊನೆಯವರೆಗೂ ಆಸಕ್ತಿಯಿಂದ ಕೇಳಿ, ಅವಳು ಯಾರೇ ಆಗಲಿ ಹೊಲಿಗೆ ಬರುತ್ತದಾ ವಿಚಾರಿಸಿ ಎಂದಳು.

ಚೀಟಿ ನೋಡಿದರೆ ಮೂವತ್ತು ಜನರಲ್ಲಿ ಇಪ್ಪತ್ತಾರು ಜನರ ಬೆರಳುಗಳು ಬೇಲಿಯ ಸಂದಿನಲ್ಲಿ ಸಲೀಸಾಗಿ ಹೋಗುವಂಥವು. ಎಲ್ಲಕ್ಕಿಂತ ಸಪೂರ ಬೆರಳು ಏಳನೇ ಪ್ರೆಸ್ಸಿನವಳ ಕಿರುಬೆರಳು. ನಾದಿನಿಗೆ ನಾಲ್ಕನೆಯ ಸ್ಥಾನ. ಮೊದಲನೆಯದಲ್ಲ ಎಂದು ತಿಳಿದು ಅವಳು ಮುಖ ಸಣ್ಣ ಮಾಡಿಕೊಂಡಳು.

ಶನಿವಾರ ಅರ್ಧ ದಿನ. ಕೆಲಸ ಬಿಟ್ಟ ಮೇಲೆ ಬೇಲಿ ಯಜಮಾನರನ್ನು ಒಂದನೇ ನಂಬರಿನ ಬಳಿಗೆ ಕರೆತಂದ. ಕರೆತರುವ ಮೊದಲು ಪ್ರೆಸ್ಸಿನ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು, ಪಕ್ಕದ ದೊಡ್ಡ ಗಾಲಿ ಪೂರ್ತಿ ನಿಲ್ಲುವವರೆಗೆ ಕಾದಿದ್ದ. ಸಾಲಿನ ಹೆಂಗಸರು ಚೀಲ ಹೆಗಲಿಗೆ ಹಾಕಿಕೊಂಡರೂ ಹೊರಡದೆ, ಉಂಗುರದ ಮಾತು ಬಂದೀತೆಂದು ನಿಂತರು. ಬೇಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅಳತೆಯ ತಪ್ಪು ತನ್ನದು, ಹತ್ತೂ ಬೇಲಿಗಳನ್ನು ಬಿಚ್ಚಿ ಸರಳು ಒತ್ತಾಗಿ ಕೂಡಿಸಬೇಕು, ಸೋಮವಾರಕ್ಕೆ ಆಗುವುದಿಲ್ಲ.

ಯಜಮಾನರು ಸಣಕಲು ಆಳು. ಕೈಬೆರಳುಗಳು ಪೆನ್ಸಿಲಿನಷ್ಟು ಸಪೂರ. ಗೆಣ್ಣುಗಳು ಮಾತ್ರ ಬಿದಿರಿನ ಗಂಟಿನಂತೆ ದಪ್ಪ, ಹಿಡಿದದ್ದನ್ನು ಬಿಡದೆ ಹಿಡಿದು ಹಿಡಿದು ಹಾಗಾದವು ಎಂದು ಸಾಲಿನವರ ಅಭಿಪ್ರಾಯ. ಅವರು ಸಮಾಧಾನವಾಗಿಯೇ ಮಾತಾಡಿದರು.

"ಬೇಲಿ ಸರಿಯಾಗೇ ಇದೆ ಕಣಯ್ಯಾ. ಹುಡುಗಿಗೆ ಬುದ್ಧಿ ಹೇಳು. ಬೆರಳು ಹಾಕಬಾರದು ಅಂತ ಒಂದು ಬೋರ್ಡು ಬರೆಸಿ ನೇತುಹಾಕು, ಆಯ್ತು."

"ಬೋರ್ಡು ಓದೋದು ಕಣ್ಣು, ಯಜಮಾನ್ರೇ. ಬೆರಳಿಗೆ ಓದು ಬರಲ್ಲ."

"ಅಚ್ಚಿನವರೆಗೂ ಎಲ್ಲಿ ಹೋಗುತ್ತೆ? ಏನೋ ತುದಿ ಹೋಗಬಹುದು."

"ನೀವೇ ಒಂದ್ಸಲ ಹಾಕಿ ನೋಡಿ. ಫ್ಯೂಸು ನನ್ನ ಜೇಬಲ್ಲಿದೆ."

ಅಷ್ಟು ಜನರ ಎದುರು ಹಿಂದೆ ಸರಿಯುವಂತಿರಲಿಲ್ಲ. ಯಜಮಾನರು ತೋರುಬೆರಳನ್ನು ಸರಳುಗಳ ನಡುವೆ ಇಟ್ಟರು. ಮೊದಲ ಗೆಣ್ಣು ಹೋಯಿತು. ಎರಡನೆಯದು ಸ್ವಲ್ಪ ತಡೆದು, ಅವರೇ ಆ ಬೆಳಿಗ್ಗೆ ಬಳಿಸಿದ್ದ ಎರಡನೇ ಕೈಯ ಹಸಿ ಬಣ್ಣದ ದಯೆಯಿಂದ ಜಾರಿ ಅದೂ ಹೋಯಿತು. ಬೆರಳ ತುದಿ ಕೆಳಗಿನ ಅಚ್ಚಿನ ತಣ್ಣಗಿನ ಅಂಚನ್ನು ಮುಟ್ಟಿತು. ಅದರ ನೇರ ಮೇಲೆ, ಒಂದು ಗೇಣು ಎತ್ತರದಲ್ಲಿ, ಮೇಲಿನ ಅಚ್ಚು ಕೂತಿತ್ತು. ಯಜಮಾನರು ಅದನ್ನು ಆ ಕೋನದಿಂದ ಹಿಂದೆಂದೂ ನೋಡಿರಲಿಲ್ಲ.

"ಹೋಗುತ್ತೆ," ಎಂದು ಒಪ್ಪಿಕೊಂಡು ಬೆರಳನ್ನು ಹಿಂದಕ್ಕೆಳೆದರು. ಬೆರಳು ಬರಲಿಲ್ಲ.

ಇನ್ನೊಮ್ಮೆ ಎಳೆದರು. ಒಳಗೆ ಹೋಗಲು ಒಪ್ಪಿದ್ದ ಗೆಣ್ಣು ಹೊರಗೆ ಬರಲು ಒಪ್ಪಲಿಲ್ಲ. ಬಾಗಿಲು ತೆರೆಯೋಣವೆಂದರೆ ಬೆರಳು ಸಿಕ್ಕಿದ್ದು ಬಾಗಿಲಿನ ಸರಳುಗಳ ನಡುವೆಯೇ, ತೆರೆದರೆ ಬೆರಳೂ ಜೊತೆಗೆ ತಿರುಚುತ್ತದೆ. ಫ್ಯೂಸು ಎಲ್ಲಿದೆ ಎಂದು ಯಜಮಾನರು ಕೇಳಿದರು. ಬೇಲಿ ಜೇಬು ತಟ್ಟಿ ತೋರಿಸಿದ. ತೆಗೆದು ತೋರಿಸು ಎಂದರು, ತೋರಿಸಿದ. ಮುಂದಿನ ಐದು ನಿಮಿಷದಲ್ಲಿ ಇನ್ನೂ ಮೂರು ಸಲ ತೋರಿಸಬೇಕಾಯಿತು. ನಡುವೆ ಯಾರ ಕಾಲಾದರೂ ಪೆಡಲಿನ ಹತ್ತಿರ ಸುಳಿದರೆ, ಫ್ಯೂಸು ಇಲ್ಲದ ಪ್ರೆಸ್ಸಿನ ಮುಂದೆಯೂ ಯಜಮಾನರ ಮುಖದ ಬಣ್ಣ ಬೇಲಿಯ ಬಣ್ಣಕ್ಕೆ ಹತ್ತಿರವಾಗುತ್ತಿತ್ತು. ಎಣ್ಣೆ ಬಿಡಿ ಎಂದರು ಒಬ್ಬರು. ಸರಳು ಕೊಯ್ಯೋಣ ಎಂದರು ಇನ್ನೊಬ್ಬರು. ಕೊಯ್ಯುವ ಮಾತು ಯಜಮಾನರಿಗೆ ಸರಳಿನ ಬಗ್ಗೆ ಎಂದು ಕೇಳಿಸಲಿಲ್ಲ.

ಕೊನೆಗೆ ನಾದಿನಿ ಸೋಪಿನ ನೀರು ತಂದಳು.

"ಎಳೀಬೇಡಿ ಯಜಮಾನ್ರೇ. ಇನ್ನೂ ಸ್ವಲ್ಪ ಒಳಕ್ಕೆ ತಳ್ಳಿ. ಈಗ ಬಲಕ್ಕೆ ತಿರುಗಿಸಿ. ಗೆಣ್ಣು ಸಡಿಲ ಬಿಡಿ, ಕೈ ನಿಮ್ಮದಲ್ಲ ಅಂದ್ಕೊಳ್ಳಿ. ಹಾಂ, ಬರ್ಲಿ."

ಬಂತು. ಎರಡು ಹಸಿರು ಗೆರೆಗಳ ಸಮೇತ ಬಂತು. ಯಜಮಾನರು ಬೆರಳನ್ನು ಮಡಿಸಿ ಬಿಚ್ಚಿ ನೋಡಿಕೊಂಡು, ಇದೆಲ್ಲ ನಿನಗೆ ಹೇಗೆ ಗೊತ್ತು ಎಂದು ಕೇಳಿದರು.

"ಮೊದಮೊದಲು ನಂದೂ ಸಿಕ್ಕಿಕೊಳ್ತಿತ್ತು. ಈಗ ಅಭ್ಯಾಸ ಆಗಿದೆ. ದಿನಕ್ಕೆ ನಲವತ್ತು ಸಲ."

ನಿಂತವರಲ್ಲಿ ಯಾರೂ ನಗಲಿಲ್ಲ. ಯಜಮಾನರು ಮೇಲಿನ ಅಚ್ಚನ್ನು ನೋಡಿದರು, ನಾದಿನಿಯ ಕೈ ನೋಡಿದರು. ನಲವತ್ತನ್ನು ದಿನಗಳಿಂದ ಗುಣಿಸಲು ಅವರಿಗೆ ಕಾಗದ ಬೇಕಿರಲಿಲ್ಲ. ಖರೀದಿದಾರರಿಗೆ ಒಂದು ವಾರ ಬಿಟ್ಟು ಬರಲು ಹೇಳುತ್ತೇನೆ ಎಂದಷ್ಟೇ ಹೇಳಿ ಹೊರಟವರು, ಬಾಗಿಲ ಬಳಿ ನಿಂತು, ಅದು ಕಚ್ಚಿಕೊಳ್ಳುವುದಾದರೂ ಯಾಕೆ, ಮೊದಲು ಅದನ್ನು ನೋಡು ಎಂದರು. ಎರಡು ವರ್ಷದಲ್ಲಿ ಬೇಲಿಗೆ ಹೊಳೆಯದ ಪ್ರಶ್ನೆ ಅವರ ಬೆರಳಿಗೆ ಐದು ನಿಮಿಷದಲ್ಲಿ ಹೊಳೆದಿತ್ತು.

ಬೇಲಿ ಮುಂದಿನ ನಾಲ್ಕು ದಿನ ಒಂದನೇ ಪ್ರೆಸ್ಸಿನ ಮುಂದೆ ನಾದಿನಿಯ ಜಾಗದಲ್ಲಿ ತಾನೇ ಕೂತು ಮುಚ್ಚಳ ಹೊಡೆದ. ಇಷ್ಟು ವರ್ಷ ಯಂತ್ರಗಳ ಹೊರಗೆ ನಿಂತು ಬೇಲಿ ಕಟ್ಟಿದವನು ಅವುಗಳ ಮುಂದೆ ಕೂತದ್ದು ಇದೇ ಮೊದಲು. ಅವನು ಹೊಡೆದ ಮುಚ್ಚಳಗಳ ಸಂಖ್ಯೆಯನ್ನು ನಾದಿನಿ ದಿನವೂ ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಲೇತಿನ ಮೇಲೆ ಕೆಲಸ ಮಾಡುವ ಮುದುಕ ಅಚ್ಚನ್ನು ಬಿಚ್ಚಿ ನೋಡಿದ. ಅಂಚು ಸವೆದು ಮುಳ್ಳೆದ್ದಿತ್ತು, ಮುಚ್ಚಳ ಅದಕ್ಕೇ ಕಚ್ಚಿಕೊಳ್ಳುತ್ತಿತ್ತು. ಅವನು ಅಂಚನ್ನು ನಯ ಮಾಡಿ, ಅಚ್ಚಿನ ಹೊಟ್ಟೆಯಲ್ಲಿ ಸ್ಪ್ರಿಂಗಿನ ಗುಂಡಿಯೊಂದನ್ನು ಕೂಡಿಸಿದ. ಅದು ಪ್ರತಿ ಏಟಿಗೂ ಮುಚ್ಚಳವನ್ನು ಮೇಲಕ್ಕೆ ಚಿಮ್ಮಿಸುತ್ತಿತ್ತು. ಬೇಲಿ ತನ್ನ ಬೀಗವನ್ನೇ ಕಿತ್ತು ಹಾಕಿದ. ಬಾಗಿಲು ಯಾರು ಬೇಕಾದರೂ ತೆರೆಯಬಹುದು, ಆದರೆ ತೆರೆದರೆ ಪೆಡಲ್ ಇಳಿಯದಂತೆ ಕೆಳಗಿನಿಂದ ಒಂದು ಕೊಕ್ಕೆ ಹಿಡಿದುಕೊಳ್ಳುವ ಹಾಗೆ ಮಾಡಿದ. ಮಿಕ್ಕ ಒಂಬತ್ತಕ್ಕೂ ಹೀಗೇ ಆಯಿತು. ಆಮೇಲೆ ಎಲ್ಲ ಬೇಲಿಗಳ ಸರಳುಗಳನ್ನು ಒತ್ತಾಗಿ ಕೂಡಿಸಿದ, ಅಕ್ಕಸಾಲಿಯ ಅತಿ ಚಿಕ್ಕ ಬಳೆಗಿಂತಲೂ ಒಂದು ಕೂದಲು ಕಡಿಮೆ. ಬಳೆಗೊಂಚಲನ್ನು ಹಿಂದಿರುಗಿಸಿದಾಗ ಅಕ್ಕಸಾಲಿಗೆ ಮೂವತ್ತು ಉಂಗುರಗಳು ಎಲ್ಲಿ ಹೋದವು ಎಂದು ವಿವರಿಸಲು ಅವನಿಗೆ ಧೈರ್ಯ ಸಾಲಲಿಲ್ಲ.

ಖರೀದಿದಾರರು ಬಂದ ದಿನ ಯಜಮಾನರು ಅವರನ್ನು ಬೇಲಿಯ ಮುಂದೆ ನಿಲ್ಲಿಸಿ, ಪ್ರತಿಯೊಂದನ್ನೂ ನಾನು ಸ್ವತಃ ಬೆರಳಿಟ್ಟು ಪರೀಕ್ಷಿಸಿದ್ದೇನೆ ಎಂದರು. ಸಾಲಿನಲ್ಲಿ ಕೆಮ್ಮು ಕೇಳಿಸಿತು. ಅವರು ಹೇಳಿದ್ದು ಒಂದರ ಮಟ್ಟಿಗೆ ನಿಜವೂ ಆಗಿತ್ತು. ಒಂದು ಸೇರನ್ನು ನೂರು ಎಂದು ಹೇಳುವುದು ಅಂಗಡಿಬೀದಿಯಲ್ಲಿ ಸುಳ್ಳಲ್ಲ, ಉತ್ಸಾಹ.

ಅಸಲಿ ಪರೀಕ್ಷೆ ಅದಕ್ಕೂ ಹಿಂದಿನ ದಿನವೇ ನಡೆದಿತ್ತು. ನಾದಿನಿ ಏಳನೇ ಪ್ರೆಸ್ಸಿನವಳನ್ನು ಜೊತೆಗೆ ಕರೆದುಕೊಂಡು ಹತ್ತೂ ಬೇಲಿಗಳ ಮುಂದೆ ಕೂತು ಒಂದೊಂದು ಸಂದನ್ನೂ ಕೆಣಕಿದಳು. ಫ್ಯೂಸುಗಳೆಲ್ಲ ಬೇಲಿಯ ಜೇಬಿನಲ್ಲಿದ್ದವು. ಮೂರನೇ ನಂಬರಿನಲ್ಲಿ ಒಂದು ಸರಳು ಬಾಗಿದ್ದರಿಂದ ಏಳನೇ ಪ್ರೆಸ್ಸಿನವಳ ಕಿರುಬೆರಳು ಹೋಯಿತು. ಅವಳು ಗೆದ್ದವಳಂತೆ ಅದನ್ನು ಒಳಗೆ ಆಡಿಸಿ ತೋರಿಸಿದಳು. ಅವನು ಸರಳನ್ನು ಕಿತ್ತು ಹೊಸದನ್ನು ಬೆಸೆದ. ಎಂಟನೆಯದರಲ್ಲಿ ಕೆಳಗಿನಿಂದ ಕೈ ತೂರುವ ದಾರಿ ಸಿಕ್ಕಿತು. ಅಲ್ಲಿ ತಗಡಿನ ತುಂಡೊಂದನ್ನು ಜಡಿದ. ಕೊನೆಗೆ ನಾದಿನಿ ತನ್ನದೇ ಒಂದನೇ ನಂಬರಿಗೆ ಬಂದಳು. ತೋರುಬೆರಳು, ಕಿರುಬೆರಳು, ಓರೆಯಾಗಿ, ತಿರುಗಿಸಿ, ಸೋಪು ಹಚ್ಚಿ, ಹತ್ತು ನಿಮಿಷ ಪ್ರಯತ್ನಿಸಿದಳು. ಅವನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ.

"ಹೋಗಲ್ಲ ಭಾವ," ಎಂದಳು ಅವಳು, ದೊಡ್ಡ ನಷ್ಟವಾದವಳಂತೆ.

"ಏನಂದೆ?"

"ಹೋಗಲ್ಲ ಅಂದೆ. ಎಷ್ಟು ಸಲ ಹೇಳಿಸ್ತೀರಿ?"

ಅವನು ಜೇಬಿನಿಂದ ಒಂದನೇ ನಂಬರಿನ ಫ್ಯೂಸು ಹುಡುಕಿ ತೆಗೆದು ಅವಳ ಕೈಗೆ ಕೊಟ್ಟ. ಕೊಡುವಾಗ ಅವಳ ಹತ್ತು ಬೆರಳನ್ನೂ ಒಮ್ಮೆ ಎಣಿಸಿದ್ದು ಅವಳಿಗೆ ತಿಳಿಯಿತು. ತಿಳಿಯದವಳಂತೆ ಎದ್ದು ಹೋಗಿ ಫ್ಯೂಸು ಹಾಕಿ ಬಂದು ಕೂತಳು, ತಗಡಿನ ಪಟ್ಟಿಯನ್ನು ಮುಂದಕ್ಕೆ ತಳ್ಳಿದಳು.